ಬಾಲ್ಕನಿಯ ತುಳಸಿಕಟ್ಟೆ

ಕಾಮೋಠೆಯ ಹೊಸ ಫ್ಲ್ಯಾಟಿಗೆ ಕೆಲಸ ನೋಡಲು ಹೋದಾಗಲೆಲ್ಲ ಅಮ್ಮ ಅಲ್ಲಿ ಒಂದು ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ಹಾಲುಕ್ಕಿಸಿ ಒಕ್ಕಲಾಗದ ಮನೆಯಲ್ಲಿ ನೀರು ಮುಟ್ಟಬಾರದೆಂಬುದು ಅವಳ ಶಾಸ್ತ್ರ. ಅದು ಯಾವ ಶಾಸ್ತ್ರವೋ, ಉಡುಪಿ ಕಡೆಯ ನಮ್ಮ ನೆಂಟರಲ್ಲಿ ಬೇರೆ ಯಾರೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ಬಾಯಾರಿದರೆ ಎರಡು ಮಹಡಿ ಇಳಿದು, ಗೇಟಿನ ಹೊರಗೆ ನಿಂತು ಬಾಟಲಿಯಿಂದ ಕುಡಿದು, ಏದುಸಿರು ಬಿಡುತ್ತಾ ಮತ್ತೆ ಹತ್ತಿ ಬರುತ್ತಿದ್ದಳು. ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ.

"ಎಂತ ಹುಚ್ಚಮ್ಮಾ ನಿಂದು?" ಎಂದರೆ, "ಒಕ್ಕಲು ಒಂದು ಆಗ್ಲಿ ಮಾರಾಯ್ತಿ, ಮತ್ತೆ ಕೊಡಪಾನ ಎತ್ತಿ ಕುಡೀತೇನೆ" ಎನ್ನುತ್ತಿದ್ದಳು.

ಒಕ್ಕಲಿಗೆ ಅಡ್ಡ ನಿಂತಿದ್ದವಳು ನಾನೇ. ಕಟ್ಟಡ ಮುಗಿದಿತ್ತು, ಒಳಗಿನ ಕೆಲಸ ಮಾಡಿಸಿಕೊಳ್ಳಿ ಎಂದು ಬಿಲ್ಡರ್ ಕೀಲಿಯನ್ನೂ ಕೊಟ್ಟಿದ್ದ. ಆದರೆ ಓಸಿ ಬಂದಿರಲಿಲ್ಲ. ಪಾಲಿಕೆಯವರು ಬಂದು, ಮಂಜೂರಾದ ನಕ್ಷೆಯಂತೆಯೇ ಕಟ್ಟಿದೆಯೇ ಎಂದು ನೋಡಿ, ಇನ್ನು ವಾಸ ಮಾಡಬಹುದು ಎಂದು ಕೊಡುವ ಕಾಗದ ಅದು. ನಮ್ಮ ವಿಂಗಿನಲ್ಲೇ ಮೂರು ಮನೆಯವರು ಅದಕ್ಕೆ ಕಾಯದೆ ಸದ್ದಿಲ್ಲದೆ ಹಾಲುಕ್ಕಿಸಿ ಹೊಕ್ಕಿದ್ದರು. ನಾನು ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಫೈಲು ತಿರುವಿದವಳು, ಕಾಗದವಿಲ್ಲದ ಕೆಲಸ ನನಗೆ ಆಗುವುದಿಲ್ಲ. ಅಮ್ಮನ ಹೃದಯ ಸೋತಿದೆ, ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಸ್ವಂತ ಮನೆಯಲ್ಲಿ ಒಮ್ಮೆ ಹಾಲುಕ್ಕಿಸಬೇಕು, ಅವಳಿಗಿದ್ದ ಆಸೆ ಅಷ್ಟೇ. ಎಲ್ಲ ಗೊತ್ತಿದ್ದೂ ನಾನು ಜಗ್ಗಲಿಲ್ಲ.

ಅಪ್ಪ ಠಾಣೆ ಊರಿನ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ಆಯುಸ್ಸು ಕಳೆದವರು. ಅವರಿದ್ದಾಗಲೂ, ಅವರು ಹೋಗಿ ನಾವಿಬ್ಬರೇ ಆದಾಗಲೂ ನಮ್ಮದು ಬಾಡಿಗೆ ಮನೆಯೇ. ಠಾಣೆ, ಡೊಂಬಿವಲಿ, ಕೊನೆಗೆ ಈಗಿರುವ ಸಾನಪಾಡಾ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಮುಂದೇನು ಎಂಬ ದಿಗಿಲು. ಪ್ರತಿ ಮನೆಗೂ ಅಮ್ಮನ ತುಳಸಿ ಎಣ್ಣೆ ಡಬ್ಬದಲ್ಲೇ ಬಂತು. ಕಟ್ಟೆ ಕಟ್ಟಬೇಕಾದರೆ ಕಾಲಡಿಯ ನೆಲ ನಮ್ಮದಾಗಬೇಕಲ್ಲ.

ಪಾಲಿಕೆಯ ಇಂಜಿನಿಯರ್ ತಪಾಸಣೆಗೆ ಬರುವ ದಿನ ಕೀಲಿ ಪಡೆದವರೆಲ್ಲ ಬಾಗಿಲು ತೆರೆದಿಡಬೇಕೆಂದು ಹೇಳಿದ್ದರು. ನಾನೂ ಅಮ್ಮನೂ ಹೋದೆವು. ಬಾಲ್ಕನಿಯ ಬಾಗಿಲು ತೆರೆದವಳೇ ನಾನು ದಂಗಾದೆ. ಮೂಲೆಯಲ್ಲಿ ಮೊಳದೆತ್ತರದ ತುಳಸಿಕಟ್ಟೆ! ನಾನು ಕಚೇರಿಯಲ್ಲಿದ್ದ ಹೊತ್ತು ನೋಡಿ, ಅಮ್ಮ ಟೈಲ್ಸ್ ಹಾಕುವವನನ್ನು ಪುಸಲಾಯಿಸಿ ಇಟ್ಟಿಗೆಯಲ್ಲಿ ಕಟ್ಟಿಸಿದ್ದಳು. ತುಳಸಿಯೂ ಆಗಲೇ ಅದರಲ್ಲಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರ್ ಒಳಗೆ ಬಂದರು. ಟೇಪು ಹಿಡಿದು ಬಾಲ್ಕನಿ ಅಳೆದರು. "ಹೇ ಕಾಯ್, ಆಜಿ?" ಎಂದು ಕಟ್ಟೆಯನ್ನು ತೋರಿಸಿ, ಇದೇನೆಂದು ಮರಾಠಿಯಲ್ಲಿ ಕೇಳಿದರು. "ತುಳಶಿ ವೃಂದಾವನ್" ಎಂದಳು ಅಮ್ಮ, ಹೆದರಿದ ಹುಡುಗಿಯ ಹಾಗೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು.

ಆ ತಿಂಗಳು ಓಸಿ ಬರಲಿಲ್ಲ, ಮರುತಿಂಗಳೂ ಬರಲಿಲ್ಲ. ಫ್ಲ್ಯಾಟಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಕೆಲವರು ಬಾಲ್ಕನಿಯಲ್ಲಿ ಏನೇನೋ ಕಟ್ಟಿದ್ದರಿಂದಲೇ ಎಲ್ಲರ ಕಾಗದ ತಡೆದಿದ್ದಾರೆ ಎಂದು ಹಾಕಿದರು. ಹೆಸರು ಹೇಳಿರಲಿಲ್ಲ. ನನಗೆ ಹೇಳುವುದೇ ಬೇಕಾಗಿರಲಿಲ್ಲ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು.

"ನಿನ್ನ ಒಂದು ಕಟ್ಟೆಯಿಂದ ಇಡೀ ಬಿಲ್ಡಿಂಗಿನವರು ಬೀದಿಯಲ್ಲಿ ನಿಂತಿದ್ದಾರೆ. ಸಮಾಧಾನ ಆಯ್ತಾ ನಿಂಗೆ?" ಎಂದೆ.

ಅವಳು ಹೆಸರುಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗೆ ಗೊತ್ತಿರ್ಲಿಲ್ಲ ಮಗಾ" ಎಂದಳು.

ಎರಡು ದಿನ ಬಿಟ್ಟು ಸಂಜೆ ಮನೆಗೆ ಬಂದರೆ ತುಳಸಿ ಸಾನಪಾಡಾದ ಕಿಟಕಿಯಲ್ಲಿ, ಅದೇ ಎಣ್ಣೆ ಡಬ್ಬದಲ್ಲಿತ್ತು. ಒಬ್ಬಳೇ ಕಾಮೋಠೆಗೆ ಹೋಗಿ, ಅದೇ ಟೈಲ್ಸಿನವನಿಂದ ಕಟ್ಟೆ ಒಡೆಸಿ, ಗಿಡವನ್ನು ಮಡಿಲಲ್ಲಿಟ್ಟುಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ತಂದಿದ್ದಳು. ಬೆರಳ ಸಂದಿಯಲ್ಲಿ ಸಿಮೆಂಟಿನ ಪುಡಿ ಇತ್ತು. ಒಳ್ಳೆಯದಾಯಿತು ಎಂದೇ ನಾನು ಅಂದುಕೊಂಡೆ.

ಮಳೆಗಾಲ ಹಿಡಿದ ಮೇಲೆ ಅವಳ ಕಾಲು ಊದಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಇಟ್ಟುಕೊಂಡೇ "ಓಸಿ ಬಂತಾ?" ಎಂದು ದಿನವೂ ಕೇಳುತ್ತಿದ್ದಳು. ಬಂತು ಎಂದು ಒಂದು ಸುಳ್ಳು ಹೇಳಬಹುದಿತ್ತು. ಅದೂ ನನಗೆ ಹೊಳೆಯಲಿಲ್ಲ. ಎಂಟನೆಯ ದಿನ ಹೋದಳು.

ಅವಳ ಮೊದಲ ಮಾಸಿಕ ಮುಗಿದ ವಾರವೇ ಓಸಿ ಬಂತು. ಗುಂಪಿನಲ್ಲಿ ಎಲ್ಲರೂ ಪೇಡೆಯ ಚಿತ್ರ ಹಾಕಿದರು. ಕಾಗದದ ಜೊತೆಗೆ ತಪಾಸಣೆಯ ವರದಿಯನ್ನೂ ಬಿಲ್ಡರ್ ಕಳಿಸಿದ್ದ. ಅಭ್ಯಾಸಬಲ, ನಾನು ಮೊದಲ ಸಾಲಿನಿಂದ ಓದಿದೆ. ಕಾಗದ ತಡೆದದ್ದು ಬೆಂಕಿ ನಂದಿಸುವ ಪಂಪೂ ಲಿಫ್ಟೂ ಸರಿಯಾಗಿರಲಿಲ್ಲವೆಂದು. ಆ ಕಾರಣಗಳಲ್ಲಿ ಬಾಲ್ಕನಿಗಳ ಮಾತೇ ಇರಲಿಲ್ಲ. ಮೂರನೆಯ ಪುಟದಲ್ಲಿ ನಮ್ಮ ಫ್ಲ್ಯಾಟಿನ ನಂಬರಿನ ಮುಂದೆ ಮರಾಠಿಯಲ್ಲಿ ಕೈಬರಹ: 'ನಕ್ಷೆಯಂತೆ ಇದೆ. ಬಾಲ್ಕನಿಯಲ್ಲಿ ತುಳಶಿ ವೃಂದಾವನ. ಆಕ್ಷೇಪವಿಲ್ಲ.'

ಎಷ್ಟು ಸಲ ಓದಿದೆನೋ. ಫೈಲು ನೋಡದೆ ಯಾರ ಮೇಲೂ ತಪ್ಪು ಹೊರಿಸಬೇಡಿ ಎಂದು ಕಚೇರಿಯಲ್ಲಿ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನು. ನನ್ನ ಅಮ್ಮನ ವಿಷಯದಲ್ಲಿ ಕೇಳಲೂ ಹೋಗಲಿಲ್ಲ.

ಭಟ್ಟರಿಗೆ ಫೋನ್ ಮಾಡಿದರೆ, "ವರ್ಷಾಂತಿಕ ಆಗದೆ ಒಕ್ಕಲು ಮಾಡ್ಲಿಕ್ಕಿಲ್ಲ ಅಕ್ಕ" ಎಂದರು. ಮೊನ್ನೆ ಭಾನುವಾರ ತುಳಸಿಯ ಡಬ್ಬವನ್ನು ಹೊತ್ತು ಕಾಮೋಠೆಗೆ ಹೋದೆ. ಬಾಲ್ಕನಿಯ ಮೂಲೆಯಲ್ಲಿ ಕಟ್ಟೆ ಒಡೆದ ಜಾಗ ಚೌಕವಾಗಿ ಉಳಿದಿದೆ. ಡಬ್ಬವನ್ನು ಅದರ ಮೇಲಿಟ್ಟು ಗಿಡಕ್ಕೆ ನೀರು ಹಾಕಿದೆ. ಅಲ್ಲೇ ಕೂತು ಅತ್ತೆ. ಗಂಟಲು ಒಣಗಿತು. ಅಡಿಗೆಮನೆಯ ನಲ್ಲಿಯಲ್ಲಿ ಈಗ ನೀರು ಬರುತ್ತದೆ, ಲಿಫ್ಟೂ ಓಡುತ್ತದೆ. ನಾನು ಬಾಟಲಿ ಹಿಡಿದು ಮೆಟ್ಟಿಲಿಳಿದು, ಗೇಟಿನ ಹೊರಗೆ ನಿಂತು ಕುಡಿದೆ.