ನಿಂತವರ ಫೋಟೋ

ಫರೀದಾ ಆಪಾ ಫೋಟೋಗೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದವನು ನಾನೇ.

ಗಾಬರಿಯಾಗಬೇಡಿ, ಅವರು ಚೆನ್ನಾಗಿದ್ದಾರೆ. ಶಿವಮೊಗ್ಗದ ಗಾಂಧಿ ಬಜಾರಿನ ನಮ್ಮ ಸೀರೆ ಅಂಗಡಿಯಲ್ಲಿ ಅವರು 'ತಿಂಗಳ ಸ್ಟಾರ್' ಆಗಿದ್ದರು, ಅಷ್ಟೇ. ಸೀರೆ ವಿಷಯದಲ್ಲಿ ನಾನು ಬಹಳ ಸೀರಿಯಸ್. ಸ್ಟಾಫ್ ಮೋಟಿವೇಶನ್ ಬಗ್ಗೆ ಯಾರೋ ಮಾಡಿದ ವಿಡಿಯೋ ನೋಡಿ ಬಂದ ಐಡಿಯಾ ಈ ಸ್ಟಾರ್ ಫೋಟೋ.

ಅಪ್ಪನ ಕಾಲದಲ್ಲಿ ಅಂಗಡಿ ತುಂಬಾ ಗಾದಿ. ಗಿರಾಕಿಯೂ ಕೂತು ನೋಡುತ್ತಿದ್ದರು, ಸೀರೆ ಬಿಚ್ಚಿ ತೋರಿಸುವವರೂ ಕೂತೇ ತೋರಿಸುತ್ತಿದ್ದರು.

ನಾನು ಬಂದು ಗಾದಿ ತೆಗೆಸಿದೆ. ಎ.ಸಿ., ಗಾಜಿನ ಕೌಂಟರ್, ಗಿರಾಕಿಗಳಿಗೆ ಕುಶನ್ ಕುರ್ಚಿ... ಕೆಲಸದವರು ಕೂರಬಾರದು ಎನ್ನುವುದು ನನ್ನ ನಿಲುವು. ನಿಲ್ಲುತ್ತಿದ್ದವರು ಮಾತ್ರ ಅವರು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಆಪಾ ಮೆಲ್ಲಗೆ ಕೇಳಿದರು. "ಸಾರ್, ಒಂದು ಸ್ಟೂಲ್ ಆದ್ರೂ ಹಾಕಿಸ್ತೀರಾ? ಭದ್ರಾವತಿಯಿಂದ ಬಸ್ಸಲ್ಲೂ ನಿಂತೇ ಬರ್ತೀನಿ."

"ಏನ್ ಆಪಾ, ಸ್ಟಾರ್ ಎಲ್ಲಾದ್ರೂ ಸ್ಟೂಲ್ ಮೇಲೆ ಕೂರುತ್ತಾ?"

ಎಲ್ಲರೂ ನಕ್ಕರು. ಅವರೂ ನಕ್ಕರು. ನನ್ನ ಜೋಕ್ ಗೆದ್ದಿತು ಅಂದುಕೊಂಡೆ...

ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಅವರು ಬರುವುದು ನಿಂತಿತು. ಮೊದಲು ರಜೆ, ಆಮೇಲೆ 'ಇನ್ನು ಬರಲ್ಲ ಸಾರ್' ಅಂತ ಒಂದು ಮೆಸೇಜ್. ಬಂದ ಗಿರಾಕಿಗಳೆಲ್ಲ ಕೇಳುವುದು ಒಂದೇ, "ಆಪಾ ಎಲ್ಲಿ?" ನಾವು ಗೋಡೆ ಮೇಲಿನ ಫೋಟೋ ತೋರಿಸಿದರೆ ಪಾಪ, ಒಬ್ಬ ಅಜ್ಜಿ ಕೈ ಮುಗಿದೇಬಿಟ್ಟರು!

ಕೊನೆಗೆ ಕೌಂಟರಿನ ಹಿಂದೆ ಸ್ಟೂಲ್ ಹಾಕಿಸಿ, ಸಂಬಳ ಹೆಚ್ಚಿಸುವುದೆಂದು ತೀರ್ಮಾನಿಸಿ, ಭದ್ರಾವತಿಯ ಕಾಗದನಗರದಲ್ಲಿದ್ದ ಅವರ ಮನೆಗೇ ಹೋದೆ.

ಬಾಗಿಲಲ್ಲಿ ನನ್ನನ್ನು ಕಂಡವರೇ ಹೇಳಿದ ಮೊದಲ ಮಾತು, "ಅಯ್ಯೋ, ಬನ್ನಿ ಸಾರ್, ಕೂತ್ಕೊಳ್ಳಿ."

ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು. ತಾವು ಗೋಡೆಗೆ ಒರಗಿ ಕಾಲು ಚಾಚಿ ಕೂತು, ಯಾರದೋ ಸೀರೆಗೆ ಕುಚ್ಚು ಕಟ್ಟುತ್ತಾ ಮಾತಾಡಿದರು. ಊದಿಕೊಂಡ ಆ ಕಾಲುಗಳನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಂಗಡಿಯಲ್ಲಿ ಅವು ಯಾವಾಗಲೂ ಕೌಂಟರಿನ ಹಿಂದೆ.

"ಸ್ಟೂಲ್ ಹಾಕಿಸಿದೀನಿ ಆಪಾ. ಸಂಬಳನೂ ಜಾಸ್ತಿ ಮಾಡ್ತೀನಿ. ಬನ್ನಿ."

ಅವರು ಮೊಣಕಾಲು ಸವರಿಕೊಂಡು ನಕ್ಕರು. "ನಾನು ಕೂರೋಕಿಂತ ಮೊದ್ಲೇ ನೋವು ಬಂದು ಕೂತ್ಬಿಡ್ತಲ್ಲ ಸಾರ್. ಟೀ ಕುಡಿದು ಹೋಗಿ."

ಟೀ ಕುಡಿದು ಶಿವಮೊಗ್ಗದ ಬಸ್ ಹತ್ತಿದೆ. ಸೀಟು ಸಿಕ್ಕಿತು, ಕೂರಲು ಮನಸ್ಸಾಗಲಿಲ್ಲ.

ಫೋಟೋ ಇಳಿಸಿದ್ದೇನೆ. ಆದರೆ ಸ್ಟೂಲ್ ಮೇಲೆ ಕೂತ ಅಂಗಡಿಯ ಹುಡುಗಿಯರು ನಾನು ಬಂದ ಕೂಡಲೇ ಈಗಲೂ ದಡಬಡಿಸಿ ಏಳುತ್ತಾರೆ. ಅವರು ಕೂರಲಿ ಅಂತ ನಾನೇ ಆಗಾಗ ಎದ್ದು ಹೊರಗೆ ಹೋಗುತ್ತೇನೆ...

ನಿಮ್ಮಲ್ಲಿ ಹೇಗೆ, ನೀವು ಒಳಗೆ ಬಂದಾಗ ಯಾರಾದರೂ ಕೂತೇ ಇರುತ್ತಾರಾ?