ನೀರು ಜಿಗಿಯದ ಕಟ್ಟೆ

ತವನಪ್ಪ ತೀರಿಕೊಂಡ. 1991ರ ಫೆಬ್ರುವರಿಯಲ್ಲಿ ಒಂದು ಬುಧವಾರ ಬೆಳಿಗ್ಗೆ, ಹಾರೂಗೇರಿಯ ಬಾಡಿಗೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ವಯಸ್ಸು ಐವತ್ತೊಂದು. ಸಂಸ್ಕಾರಕ್ಕೆ ಅವನ ಕಾಲುವೆಯ ರೈತರು ಒಬ್ಬರೂ ಬರಲಿಲ್ಲ.

ಶಿರಗುಪ್ಪಿಯ ಜೈನ ಒಕ್ಕಲು ಮನೆತನ. ಹಾರೂಗೇರಿಯ ಕಾಲುವೆ ಕಚೇರಿಯಲ್ಲಿ ಓವರ್ಸಿಯರ್. ಹರಿಯುವ ನೀರನ್ನು ಅಳೆಯುವುದೇ ಅವನ ಹುಚ್ಚು. ಮೂರು ವರ್ಷದ ಹಿಂದೆ ಊರಾಚೆಯ ಕಿರುಗಾಲುವೆಗೆ ತಾನೇ ಲೆಕ್ಕ ಹಾಕಿ ಅಳತೆಯ ಕಟ್ಟೆ ಕಟ್ಟಿಸಿದ್ದ. ಎರಡೂ ದಡ ಒತ್ತಿ ನಡುವೆ ಇಕ್ಕಟ್ಟು, ತಳಕ್ಕೆ ಕಲ್ಲಿನ ಹೊಸ್ತಿಲು. ನೀರು ಅದನ್ನು ದಾಟಿ ಆಚೆ ಜಿಗಿಯಬೇಕು. ಜಿಗಿದರೆ, ಮೇಲ್ಗಡೆ ನಿಲ್ಲಿಸಿದ ಅಂಕಿಪಟ್ಟಿ ಓದಿದರೆ ಸಾಕು, ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆ.

ಹೊಸ್ತಿಲ ಎತ್ತರಕ್ಕೇ ಜಗಳವಾಗಿತ್ತು. ಕಟ್ಟೆಯ ಮೇಲ್ಗಡೆ ಹೊಲವಿದ್ದ ಧೂಳಪ್ಪ, "ಅಷ್ಟ ಎತ್ತಿದ್ರ ನೀರ ಹಿಂದ ಒತ್ತಿ ನನ್ನ ಕಬ್ಬ ಕೊಳೀತೈತಿ. ಕಟ್ಟಿ ನೋಡ್ರಿ, ಮರುದಿನಾನ ಕೆಡವ್ತೇನಿ" ಎಂದಿದ್ದ. ತವನಪ್ಪ ಅಂಜಿ ನಾಲ್ಕು ಬೆರಳು ತಗ್ಗಿಸಿದ.

ಮೊದಲ ವರ್ಷ ನೀರು ಜಿಗಿಯಿತು. ಆಮೇಲೆ ಕಟ್ಟೆಯ ಕೆಳಗೆ ಹೂಳು ಕೂತಿತು. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಯ ರವದಿಯನ್ನು ಕಾಲುವೆಗೇ ತಳ್ಳುವುದು ಅಲ್ಲಿನ ರೂಢಿ, ಅದೂ ಸೇರಿತು. ಕೆಳಗಿನ ನೀರು ಏರಿ ಹೊಸ್ತಿಲನ್ನು ಮುಳುಗಿಸಿತು. ಹರಿದದ್ದು ಅರ್ಧ, ತಡೆದು ನಿಂತ ನೀರಿನಿಂದ ಪಟ್ಟಿ ತೋರಿಸಿದ್ದು ಪೂರ್ತಿ.

ಕಾಲುವೆಯ ತುದಿಯಲ್ಲಿ ದುಂಡವ್ವನ ಎರಡು ಎಕರೆ. ಎರಡು ವರ್ಷ ಗೋಧಿ ಒಣಗಿತು. ಅರ್ಜಿ ಕೊಟ್ಟಾಗಲೆಲ್ಲ, ಪೂರ್ತಿ ನೀರು ಹೋಗಿದೆ ಎಂಬ ಉತ್ತರ. ಈ ಸಲದ ಬೆಳೆ ತೆನೆ ಒಡೆಯುವ ಹೊತ್ತಿಗೆ ಅವಳು ಕಚೇರಿಗೇ ಬಂದಳು.

"ಪಟ್ಟಿ ಸುಳ್ಳ ಹೇಳೂದಿಲ್ಲವ್ವಾ," ಎಂದ ತವನಪ್ಪ.

"ಹೌದ್ರಿ ಸಾಹೇಬ್ರ, ಸುಳ್ಳ ಹೇಳಾಕಿ ನಾನ. ಆ ಪಟ್ಟೀನ ತಂದ ನನ್ನ ಹೊಲದಾಗ ನಿಂದರಸ್ರಿ, ಹಸಿ ಆಗ್ತೈತೇನ ನೋಡೂಣು."

"ಸಾಕ, ನಡಿ ಹೊರಗ."

ಬಾಗಿಲಲ್ಲಿ ತಿರುಗಿ ನಿಂತಳು. "ಮೊದಲ ಅಲ್ಲಿ ನೀರ ಜಿಗೀತಿತ್ತ. ಈಗ ಎಮ್ಮಿ ಮಕ್ಕೊಂಡಂಗ ಮಕ್ಕೊಂಡೈತಿ. ಕುರ್ಚಿ ಬಿಟ್ಟ ಎದ್ದ ಬಂದಿದ್ರ ಕಾಣತಿತ್ತ."

ಎರಡು ವರ್ಷದಿಂದ ಅವನು ಕಟ್ಟೆಗೆ ಹೋಗಿರಲಿಲ್ಲ. ಕಾಲುವೆಯ ಕಾವಲುಗಾರ ತಂದ ಅಂಕಿಗೆ ಸಹಿ ಹಾಕುತ್ತಿದ್ದ, ಅಷ್ಟೆ. ಸಾಯುವ ಹಿಂದಿನ ದಿನ, ಮಂಗಳವಾರ, ಹೋಗಿ ನೋಡಿದ. ನಿಂತ ನೀರು ಕಂಡು ಊರಿಗೆ ಮರಳಿದ. ಬಡಗಿಯಿಂದ ನಾಲ್ಕು ಬೆರಳು ದಪ್ಪದ ತೊಲೆ ಕೊಯ್ಯಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಬಂದು ನೀರಿಗಿಳಿದ. ದಡದಲ್ಲಿ ಜನ ಸೇರಿತು.

"ಯಾರನ್ನ ಕೇಳಿ ಎತ್ತಾಕತ್ತಿ ಲೇ?" ಧೂಳಪ್ಪ ಮಣ್ಣಿನ ಹೆಂಟೆ ಎಸೆದ. ಅದು ಬೆನ್ನಿಗೆ ಬಡಿಯಿತು.

"ಲೆಕ್ಕದಾಗ ಇದ್ದಷ್ಟ ಎತ್ತಾಕತ್ತೇನಿ. ಅವತ್ತ ನಿನಗ ಅಂಜಿದ್ದ ತಪ್ಪಾತು."

"ಅವಗ ಅಂಜಿ ನನ್ನ ಹೊಲಾ ಒಣಗಿಸಿದ್ರಿ?" ಎಂದಳು ದುಂಡವ್ವ.

ತವನಪ್ಪ ತೊಲೆಯನ್ನು ಹೊಸ್ತಿಲ ಮೇಲೆ ಬಿಗಿದು ಕೂರಿಸಿದ. ಸ್ವಲ್ಪ ಹೊತ್ತಿಗೆ ನೀರು ಏರಿ, ದಾಟಿ, ಆಚೆ ಜಿಗಿಯಿತು. ಪಟ್ಟಿಯನ್ನು ಕಿತ್ತು, ಅದರ ಸೊನ್ನೆಯನ್ನು ತೊಲೆಯ ಮಟ್ಟಕ್ಕೆ ಎತ್ತಿ ತಂತಿಯಿಂದ ಕಟ್ಟಿದ. ಓದಿದ: ಅರ್ಧ. ಕಾವಲುಗಾರನ ಕೈಯಿಂದ ವಹಿ ಇಸಿದುಕೊಂಡು, ಒದ್ದೆ ಬಟ್ಟೆಯಲ್ಲೇ ದಡದ ಮೇಲೆ ಕೂತು, "ಎರಡು ವರ್ಷದ ಅಂಕಿಗಳೆಲ್ಲ ಸುಳ್ಳು. ತುದಿಗೆ ಅರ್ಧ ನೀರೂ ಮುಟ್ಟಿಲ್ಲ. ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದ.