ನೀರು ಕುಡಿಸಿದ ಗ್ಯಾಸ್ಕೆಟ್

ಮೂವತ್ತರ ದಶಕದ ನಡುವಿನ ಮಾತು. ಕಾರವಾರದಲ್ಲಿ ನನ್ನದೊಂದು ಬಾಡಿಗೆ ಕಾರಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಅದು ಮೂವರು ಯಜಮಾನರನ್ನು ಕಂಡಾಗಿತ್ತು. ಆದರೂ ಅಂಕೋಲೆಯ ರಸ್ತೆಯಲ್ಲಿ ಅದರ ಹಾರ್ನ್ ಒತ್ತುತ್ತ ಹೋಗುವಾಗ ನನ್ನ ಜಂಬಕ್ಕೆ ಮಿತಿಯೇ ಇರುತ್ತಿರಲಿಲ್ಲ. ಆ ಜಂಬ ಇಳಿಸಿದವರು ನನ್ನ ಮಾವ, ಅಂದರೆ ಹೆಂಡತಿಯ ತಂದೆ.

ಮಾವನದು ಬೇಲೆಕೇರಿಯಲ್ಲಿ ದೋಣಿ, ಬಲೆಗಳ ಮನೆ. ದೀಪಾವಳಿಗೆಂದು ನಾನೂ ಹೆಂಡತಿಯೂ ಕಾರಿನಲ್ಲಿ ಹೋದವರು, ಅತ್ತೆ ಆಗಷ್ಟೇ ಸೆಗಣಿ ಸಾರಿಸಿದ ಅಂಗಳದಲ್ಲೇ ಅದನ್ನು ನಿಲ್ಲಿಸಿದೆವು. ಉಂಡು ಬರುವಷ್ಟರಲ್ಲಿ ಕಾರಿನ ಕೆಳಗೆ ಊಟದ ಎಲೆಯಷ್ಟು ಅಗಲಕ್ಕೆ ಎಣ್ಣೆ ಹರಡಿತ್ತು. ಮಾವ ಬೈಯಲಿಲ್ಲ. ಇನ್ನು ಮೇಲೆ ಗಾಡಿ ರಸ್ತೆಯ ಮೇಲೇ ಇರಲಿ ಎಂದರು, ಅಷ್ಟೆ. ಅಂದಿನಿಂದ ನನ್ನ ಹೆಂಡತಿ ರಸ್ತೆಯಲ್ಲೇ ಇಳಿದು, ಗಂಟು ಹೊತ್ತು, ಕೇರಿಯ ಹೆಂಗಸರ ಮುಂದೆ ನಡೆದು ತವರಿಗೆ ಹೋಗಬೇಕಾಯಿತು. ಕಾರೆಲ್ಲಿ ಎಂದು ಅವರು ಕೆಣಕಿದರೆ ನಕ್ಕುಬಿಡುವಳು, ಮರಳುವಾಗ ದಾರಿಯುದ್ದಕ್ಕೂ ಮಾತಾಡಳು. ಅಷ್ಟರಲ್ಲಿ ಅವಳ ತಂಗಿಯ ಮದುವೆ ಗೊತ್ತಾಯಿತು. ಸೀರೆ ಬೇಡ, ಬಳೆ ಬೇಡ, ಅಪ್ಪನ ಅಂಗಳದಲ್ಲಿ ಕಾರಿನಿಂದ ಇಳಿಯಬೇಕು ಎಂದಳು. ನಾನು ಹಿಂದೆ ಮುಂದೆ ನೋಡದೆ ಮಾತು ಕೊಟ್ಟೆ.

ಎಂಜಿನ್ನಿನ ತಳಕ್ಕೆ ಎಣ್ಣೆ ನಿಲ್ಲುವ ತಗಡಿನ ತೊಟ್ಟಿಯೊಂದು ಇರುತ್ತದೆ. ಎಂಜಿನ್ನಿಗೂ ತೊಟ್ಟಿಗೂ ನಡುವೆ ಸಂದು ಬಿಡದಂತೆ ಕೂರಿಸುವ ಪಟ್ಟಿಯೇ ಗ್ಯಾಸ್ಕೆಟ್. ನನ್ನದು ಸೋರುತ್ತಿದ್ದದ್ದು ಅಲ್ಲಿ. ಯಾವುದೋ ಕಚೇರಿಯವರು ಎಸೆದ ದಪ್ಪ ರಟ್ಟನ್ನು ಮೊದಲು ಕತ್ತರಿಸಿ ಹಾಕಿದೆ. ಎರಡೇ ಸಲ ಅಂಕೋಲೆಗೆ ಹೋಗಿ ಬರುವಷ್ಟರಲ್ಲಿ ಅದು ಅಂಬಲಿಯಾಯಿತು. ಆಮೇಲೆ ಚಪ್ಪಲಿ ಹೊಲಿಯುವವನಿಂದ ತೊಗಲಿನದು ಮಾಡಿಸಿದೆ. ನೋಡಲು ಚೆಂದ, ಕಾದಾಗ ಕಲ್ಲು. ರಿಪೇರಿಯ ಮುದುಕನೊಬ್ಬ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ಬಾಟಲಿಯ ಬಿರಡೆ ಮಾಡುತ್ತಾರಲ್ಲ, ಆ ಕಾರ್ಕಿನದೇ ಬೇಕು, ತಗಡಿನ ಏರುತಗ್ಗಿಗೆ ಒಗ್ಗುವುದು ಅದೊಂದೇ ಎಂದ. ಮುಂಬಯಿಗೆ ಬರೆದು ತರಿಸಿದೆ. ಕಡಲ ಮೇಲೆ ಆಗಬೋಟಿನಲ್ಲಿ ಬಂದ ಪೊಟ್ಟಣ ಬಿಚ್ಚಿದರೆ ಹಪ್ಪಳದಷ್ಟು ಹಗುರದ ಕಂದು ಪಟ್ಟಿಗಳು. ಇಷ್ಟಕ್ಕೇ ಇಷ್ಟು ಪಾಡೇ ಎನಿಸಿತು.

ಮದುವೆಗೆ ಇನ್ನೂ ಮೂರು ವಾರವಿತ್ತು. ಕಡಲ ಗಾಳಿಗೆ ನಮ್ಮಲ್ಲಿ ಎಲ್ಲದಕ್ಕೂ ಬೂಸಲು ಹಿಡಿಯುತ್ತದೆ. ಜೋಪಾನ ಮಾಡಬೇಕಾದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಮನೆಮನೆಯ ರೂಢಿ. ನಾನೂ ಏರಿಸಿದೆ. ಮುರುಗಲ ಸಿಪ್ಪೆ ಮತ್ತು ಒಣಸಿಗಡಿಯ ನಡುವೆ ನನ್ನ ಗ್ಯಾಸ್ಕೆಟ್ಟು ಬೆಚ್ಚಗೆ ಮಲಗಿತು.

ಮದುವೆಗೆ ಎರಡು ದಿನವಿರುವಾಗ, ಇದನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದು ಕಾರಿನಡಿಗೆ ನುಗ್ಗಿದೆ. ತೊಟ್ಟಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ತೊಗಲು ಕೆರೆದು, ಸೊಟ್ಟಗಾದ ಅಂಚನ್ನು ಹಲಗೆಯ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿದೆ. ಕಾರ್ಕ್ ಇಟ್ಟರೆ ಈ ತುದಿಯ ತೂತು ಸರಿ, ಆ ತುದಿಯಲ್ಲಿ ಪಟ್ಟಿ ಅರ್ಧ ಬೆರಳಗಲ ಗಿಡ್ಡ. ಎಳೆದೆ, ಚಟ್ಟೆಂದಿತು. ತುಂಡಾದೀತೆಂದು ಕೈಬಿಟ್ಟೆ. ಮುಂಬಯಿಯವರು ಬೇರೆ ಕಾರಿನದು ಕಳಿಸಿ ನನಗೆ ಟೋಪಿ ಹಾಕಿದರೆಂದು ಅಂಗಳವೆಲ್ಲ ಕೇಳುವಂತೆ ಕೂಗಾಡಿದೆ. ಇನ್ನೊಂದು ತರಿಸಲು ದಿನವೆಲ್ಲಿ? ನಿಜ ಹೇಳಬೇಕೆಂದರೆ ಅಳುವೇ ಬಂದಿತ್ತು.

ಹೆಂಡತಿ ಬಂದು ಪಟ್ಟಿಯನ್ನು ಕೈಗೆತ್ತಿಕೊಂಡು ಮೂಸಿದಳು. ಸಿಗಡಿಯ ವಾಸನೆ.

"ದೋಣಿ ಒಣಗಿದ್ರೆ ಹಲಗೆ ಸಂದು ಬಿಡ್ತದೆ ಅಲಾ. ನೀರ್ ಕುಡದ್ರೆ ತಾನೇ ಕೂಡ್ತದೆ. ಅಟ್ಟದ್ ಬಿಸಿಗೆ ಇದೂ ಒಣಗಿದೆ, ಕುಡ್ಸಿ ನೋಡಿ" ಎಂದಳು.

ಎಣ್ಣೆಯ ಸಾಮಾನಿಗೆ ನೀರೇ, ಎಂಜಿನ್ ಅಂದರೆ ದೋಣಿಯಲ್ಲ ಎಂದು ನಾನು ಹಂಗಿಸಿದೆ. ಅವಳು ಅಗಲದ ಹಿತ್ತಾಳೆ ಹರಿವಾಣಕ್ಕೆ ಉಗುರುಬೆಚ್ಚಗಿನ ನೀರು ಹೊಯ್ದು ಪಟ್ಟಿಗಳನ್ನು ಮುಳುಗಿಸಿ, ಅನ್ನ ಬಸಿಯಲು ಒಳಗೆ ಹೋದಳು. ಊಟವಾದ ಮೇಲೆ ತೆಗೆದು ನೋಡಿದರೆ ಅವು ಮೆತ್ತಗಾಗಿ ಹಿಗ್ಗಿದ್ದವು. ಒರೆಸಿ ಇಟ್ಟೆ. ಒಂದೊಂದು ತೂತೂ ಒಂದೊಂದು ಬೋಲ್ಟಿಗೆ ಸರಿಯಾಗಿ ಕೂತಿತು. ಸಂತೋಷಕ್ಕೆ ಕಾರಿನಡಿ ಎಂಬುದನ್ನೂ ಮರೆತು ಎದ್ದು ಕೂರಹೋಗಿ ಹಣೆ ಜಜ್ಜಿಕೊಂಡೆ. ಜೋರಾಗಿ ತಿರುಪಿದರೆ ಕಾರ್ಕ್ ಹೊರಗೆ ಉಬ್ಬುತ್ತದೆಂದು ಮುದುಕ ಎಚ್ಚರಿಸಿದ್ದ. ಆ ಕಡೆಯ ಬೋಲ್ಟೊಂದು, ಈ ಕಡೆಯದೊಂದು ಎಂದು ಹೆಂಡತಿ ಬಗ್ಗಿ ಬೆರಳು ತೋರಿಸಿದಳು. ನಾನು ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ.

ಮದುವೆಯ ಬೆಳಿಗ್ಗೆ ಬೇಲೆಕೇರಿ ಮುಟ್ಟಿದಾಗ ನನಗೆ ಧೈರ್ಯ ಸಾಲಲಿಲ್ಲ, ರಸ್ತೆಯಲ್ಲೇ ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ಒಳಗೆ ಬಿಡಿ ಎಂದಳು. ಸಾರಿಸಿ ರಂಗೋಲಿ ಬರೆದ ಅಂಗಳದ ಒಂದು ಮೂಲೆಗೆ ಕಾರು ಒಯ್ದೆ. ಮಾವ ಅದನ್ನು ನೋಡಿ ನೆಂಟರತ್ತ ತಿರುಗಿದರು. ಮದುವೆಯ ಒಂದು ಮಂತ್ರವೂ ನನ್ನ ಕಿವಿಗೆ ಬೀಳಲಿಲ್ಲ. ಕಣ್ಣೆಲ್ಲ ಕಾರಿನಡಿಯ ನೆಲದ ಮೇಲೆ.

ಊಟವಾದ ಮೇಲೆ ಮಾವ ನೆಟ್ಟಗೆ ಕಾರಿನತ್ತ ನಡೆದರು. ಹೊಸ ಬಿಳಿಯ ಪಂಚೆಯಲ್ಲೇ ಮಂಡಿಯೂರಿ, ದೋಣಿಯ ತಳ ಸವರಿ ನೋಡುವವರ ಹಾಗೆ ಎಂಜಿನ್ನಿನ ಕೆಳಗೆ ಉದ್ದಕ್ಕೂ ಅಂಗೈ ಆಡಿಸಿದರು. ಎದ್ದು, ಆ ಕೈಯನ್ನು ಪಂಚೆಗೇ ಒರೆಸಿಕೊಂಡರು. ನೆಂಟರೆಲ್ಲ ಪಂಚೆ ನೋಡಿದರು. ರಸ್ತೆಯ ಕೆಂಪು ಧೂಳು ಹತ್ತಿತ್ತು, ಎಣ್ಣೆಯಿಲ್ಲ.

"ಮದುಮಗಳು ಇದ್ರಲ್ಲೇ ಹೋಗ್ಲಿ" ಎಂದರು ಮಾವ. ಆಮೇಲೆ ನನ್ನ ಬೆನ್ನು ತಟ್ಟಿ, ಗಾಡಿಯ ಕೆಲಸ ಚೆನ್ನಾಗಿ ಕಲಿತಿದ್ದೀಯ ಎಂದು ಹೊಗಳಿದರು.

ಹೊಗಳಿಕೆ ಕಂಡರೆ ಬಾಯಿ ಬಿಡುವ ನಾನು ಅಂದು ಅದನ್ನು ನುಂಗಲಾರದೆ ಹೋದೆ. ನಾನು ಕೆಡಿಸಿದ್ದನ್ನು ಸರಿಮಾಡಿದವಳು ನಿಮ್ಮ ಮಗಳು ಎಂದು, ಅಟ್ಟದಿಂದ ಹರಿವಾಣದವರೆಗೆ ಎಲ್ಲವನ್ನೂ ನೆಂಟರೆದುರೇ ಹೇಳಿಬಿಟ್ಟೆ. ಮಾವ ಮಗಳನ್ನೇ ನೋಡುತ್ತ ನಿಂತರು. ದೀಪಾವಳಿಯಿಂದ ಅವಳು ಗಂಟು ಹೊತ್ತು ನಡೆದು ಬಂದದ್ದೆಲ್ಲ ಅವರಿಗೆ ಆಗ ನೆನಪಾಗಿರಬೇಕು.

"ಮಗಳೇ, ನೀ ಮುಂದೆ ಕೂತ್ಕ" ಎಂದು, ನನ್ನ ಹೆಂಡತಿಗೆ ಕಾರಿನ ಬಾಗಿಲನ್ನು ತಾವೇ ತೆಗೆದು ಹಿಡಿದರು.